ಸಿಡಿಯ ಹಣೆಯ ವಿಭೂತಿ

ಕಲಬುರಗಿಯ ಬ್ರಹ್ಮಪುರದಲ್ಲಿ ಆಗ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೆಣ್ಣುಮಗಳ ಅಂಗಡಿ ಎಂದು ಮೂಗು ಮುರಿದವರೇ ಆಮೇಲೆ ಕೆಟ್ಟ ಮಷೀನು ಹೊತ್ತು ಬರುತ್ತಿದ್ದರು. ಹಾಗಾಗಿ ಕಮಲಾಪುರದಲ್ಲಿ ತಂಗಿ ಇಂಟರ್ನೆಟ್ ಅಂಗಡಿ ತೆರೆಯುತ್ತೇನೆಂದಾಗ, “ನೀ ಸುಮ್ನ ಕುಂತು ನೋಡು, ನಾ ಚಾಲೂ ಮಾಡಿ ಕೊಡ್ತೀನಿ” ಎಂದಿದ್ದೆ.

ಅವಳ ಅತ್ತೆ ಜೋಳದ ಚೀಲಗಳನ್ನು ಪಡಸಾಲೆಗೆ ಸರಿಸಿ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ದಸರಾ ದಿನವೇ ಅಂಗಡಿ ಚಾಲೂ ಆಗಬೇಕು, ಇಲ್ಲದಿದ್ದರೆ ಚೀಲಗಳು ಮರಳಿ ಒಳಗೆ ಎಂಬುದು ಅವರ ಕರಾರು. ಬೇರೆ ಕೋಣೆ ತಂಗಿಗೆ ಸಿಗುವಂತಿರಲಿಲ್ಲ.

ಹಬ್ಬದ ಮಧ್ಯಾಹ್ನ ವಿಂಡೋಸ್ ಹಾಕಿ ಮುಗಿಸಿದೆ. ಕಂಪ್ಯೂಟರ್ ತನ್ನ ಹೊಟ್ಟೆಯೊಳಗಿನ ನೆಟ್‌ವರ್ಕ್ ಕಾರ್ಡನ್ನೇ ಗುರುತಿಸಲಿಲ್ಲ. ಅದಕ್ಕೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮ್ ಬೇಕು. ಡ್ರೈವರ್ ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ ಬರಲು ಡ್ರೈವರ್; ಕೊಡದ ಜೊತೆ ಹಗ್ಗವೂ ಬಾವಿಗೆ ಬಿದ್ದ ಹಾಗೆ. ನಾನೇನೂ ಹೆದರಲಿಲ್ಲ. ಕಾರ್ಡಿನ ಜೊತೆ ಬಂದ ಸಿಡಿ ಇತ್ತಲ್ಲ.

ಸಿಡಿ ತೆಗೆದು ನೋಡಿದರೆ ಮೈಯೆಲ್ಲ ಉರಿಯಿತು. ಬೆಳಗಿನ ಪೂಜೆಯಲ್ಲಿ ಅತ್ತೆ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದಿದ್ದರು, ಅದೂ ಹೊಳೆಯುವ ಬದಿಗೆ. ಮಷೀನು ಓದುವುದು ಆ ಬದಿಯನ್ನೇ.

“ಅಕ್ಷರ ಇದ್ದ ಬದಿಗಿ ಹಚ್ಚಬೇಕಿತ್ರಿ,” ಎಂದೆ ಹಲ್ಲು ಕಚ್ಚಿ.

“ಹೊಳಿಯೋದೇ ಮಾರಿ ಅಲ್ಲೇನು? ಹಣಿ ಬಿಟ್ಟು ಬೆನ್ನಿಗಿ ಯಾರ ಹಚ್ತಾರ?” ಎಂದರು ಅತ್ತೆ.

ಒರೆಸಲು ಬಟ್ಟೆ ಎತ್ತಿದೆ. ಅವರು ಕೈ ಹಿಡಿದರು.

“ಹಬ್ಬದ ದಿನ ವಿಭೂತಿ ಅಳಿಸಬಾರ್ದು. ನಾಳಿ ಒರಸು.”

“ನಾಳಿ ಅಂದ್ರ ಈ ಕೋಣಿ ಹೋಗ್ತದಲ್ರಿ,” ಎಂದಳು ತಂಗಿ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ. ಅಂಥ ಇನ್ನೊಂದು ಸಿಡಿ ನನ್ನಲ್ಲಿರಲಿಲ್ಲ, ಹಬ್ಬಕ್ಕೆ ಕಲಬುರಗಿಯ ಅಂಗಡಿಗಳೆಲ್ಲ ಮುಚ್ಚಿದ್ದವು.

“ಹಂಗಾದ್ರ ನೀವೇ ಏನರ ಮಾಡ್ರಿ,” ಎಂದು ಸಿಡಿಯನ್ನು ಅತ್ತೆಯ ಕೈಗಿಟ್ಟೆ.

ಅವರು ಸೊಸೆಯ ಮುಖ ನೋಡಿದರು. ಪೂಜೆಯ ತಂಬಿಗೆಯ ನೀರಿನಲ್ಲಿ ಬೆರಳು ಅದ್ದಿ ಸಿಡಿಯ ಮೇಲೆ ಎಳೆದರು. ಬೆರಳಿಗೆ ಬಂದ ವಿಭೂತಿಯನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ಮತ್ತೆ ಎಳೆದು, ಉಳಿದದ್ದನ್ನು ಸೊಸೆಯ ಹಣೆಗೆ ಹಚ್ಚಿದರು.

“ಅಳಿಸಿಲ್ಲ. ನಮ್ಮ ಹಣಿಗಿ ಬಂದದ, ಅಷ್ಟೇ.”

ನಾನು ಸಿಡಿಯನ್ನು ಮೆತ್ತಗೆ ಒರೆಸಿ ಒಳಗಿಟ್ಟೆ. ಮೊದಲು ಗುರ್ರೆಂದಿತು, ಆಮೇಲೆ ಓದಿತು. ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಇಂಟರ್ನೆಟ್ಟಿನ ಮೊದಲ ಪುಟ ಬಿಚ್ಚಿಕೊಂಡಿತು.

ಅತ್ತೆ ಅದನ್ನೊಮ್ಮೆ ನೋಡಿ, ಪಡಸಾಲೆಯಲ್ಲಿದ್ದ ಮಗನನ್ನು ಕೂಗಿದರು: “ಆ ಜ್ವಾಳದ ಚೀಲ ಹಿತ್ತಲಕ್ಕ ಒಯ್ಯಿ. ಮಂದಿ ಬರ್ತಾರ, ಕೂಡ್ಲಾಕ ಜಾಗಾ ಬೇಕು.”