ಐದನೆಯ ಚೀಲದ ಎಲೆಗಳು

ಜೋಳದ ನುಸಿ ಎಣಿಸುವ ಕೆಲಸಕ್ಕೆ ನಾನು ಸೇರಿದ್ದು ಹನ್ನೊಂದು ತಿಂಗಳ ಕರಾರಿನ ಮೇಲೆ. ನುಸಿ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಎಲೆಯ ಅಡಿಯಲ್ಲಿ ತೆಳ್ಳಗೆ ಬಲೆ ನೇಯ್ದುಕೊಂಡು ರಸ ಹೀರುತ್ತದೆ, ಎಲೆ ಕೆಂಪಾಗಿ ಒಣಗುತ್ತದೆ. ಯಾವ ಊರಿನಲ್ಲಿ ಎಷ್ಟಿದೆ ಎಂದು ನಾವು ನಕ್ಷೆ ಮಾಡಬೇಕಿತ್ತು. ಊರಿಗೆ ಐದು ಹೊಲ, ಎರಡು ರಸ್ತೆಗೆ ಹತ್ತಿದವು, ಮೂರು ಒಳಗಿನವು, ಹೊಲಕ್ಕೊಂದು ಚೀಲ, ಚೀಲಕ್ಕೆ ಹತ್ತು ಎಲೆ ಎಂದು ಕಾಗದದಲ್ಲಿತ್ತು. ಕಾಗದದಲ್ಲಿ ಏನು, ಏನು ಬೇಕಾದರೂ ಇರುತ್ತದೆ. ನಮ್ಮ ಸಾಹೇಬರು ಜೀಪಿನಿಂದ ಇಳಿದವರೇ ಅಲ್ಲ. ನಾನು ಹೊಲದೊಳಗೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಾರ್ನ್ ಶುರುವಾಗುತ್ತಿತ್ತು.

ಸುಳ್ಳ ಎಂಬ ಊರಿನ ಪಟ್ಟಿಯಲ್ಲಿ ಐದನೆಯದಾಗಿ ನನ್ನ ಸೋದರತ್ತೆಯ ಹೊಲವನ್ನು ನಾನೇ ಸೇರಿಸಿದ್ದೆ. ಅತ್ತೆ ನನ್ನಪ್ಪನ ಒಬ್ಬಳೇ ತಂಗಿ. ಆ ಹೊಲದ ಜೋಳದ ದಂಟು, ನಮ್ಮ ಕಡೆ ಕಣಿಕಿ ಅನ್ನುತ್ತೇವಲ್ಲ, ಅದೇ ಬೇಸಿಗೆ ಪೂರ್ತಿ ಅವಳ ಎಮ್ಮೆಗೆ ಮೇವು. ಎಮ್ಮೆ ಎಂದರೆ ಅತ್ತೆಗೆ ಜೀವ. ಕೆಲಸದ ನೆವದಲ್ಲಿ ಅವಳ ಮುಖ ನೋಡಿ, ಗಟ್ಟಿ ಹಾಲಿನ ಚಹಾ ಕುಡಿದು ಬರೋಣ ಎಂದುಕೊಂಡಿದ್ದೆ.

ಹೊಲ ಹಳ್ಳದಾಚೆ, ಇಪ್ಪತ್ತು ನಿಮಿಷದ ದಾರಿ. ಅವತ್ತು ಬಿಸಿಲು ನೆತ್ತಿಗೇರಿತ್ತು, ಹಾರ್ನು ಬಡಿದುಕೊಳ್ಳುತ್ತಲೇ ಇತ್ತು. ರಸ್ತೆ ಬದಿಯ ಹೊಲದಿಂದಲೇ ಇನ್ನೂ ಹತ್ತು ಎಲೆ ಹರಿದು ಐದನೆಯ ಚೀಲಕ್ಕೆ ತುರುಕಿದೆ, ಮೇಲೆ ಅತ್ತೆಯ ಹೆಸರು ಬರೆದೆ. ರಸ್ತೆಯ ಧೂಳು ಕೂತ ಎಲೆಯಲ್ಲಿ ನುಸಿ ಜಾಸ್ತಿ ಎಂಬುದು ನನಗೆ ಗೊತ್ತಿಲ್ಲದ ಮಾತೇ? ಗೊತ್ತಿದ್ದೂ ಮಾಡಿದೆ.

ನಕ್ಷೆಯಲ್ಲಿ ಸುಳ್ಳ ಪೂರ್ತಿ ಕೆಂಪು. ಉಳಿದ ಊರುಗಳೂ ಹಾಗೆಯೇ. ಅದೆಲ್ಲಿಯ ನುಸಿಯ ನಕ್ಷೆ, ಜೀಪು ಓಡಿದ ರಸ್ತೆಗಳ ನಕ್ಷೆ ಅದು! ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕೆಂಪು ಬಿದ್ದ ಹೊಲದವರಿಗೆಲ್ಲ ಔಷಧಿ ಹೊಡೆಸಿರಿ ಎಂದು ಚೀಟಿ ಹೋಯಿತು. ಅತ್ತೆಗೂ ಹೋಯಿತು.

ಒಂದು ವಾರ ಬಿಟ್ಟು ಅತ್ತೆ ಫೋನ್ ಮಾಡಿದಳು. ಹೊಲದಲ್ಲಿ ಒಂದು ಎಲೆಯೂ ಕೆಂಪಾಗಿಲ್ಲ, ಏನು ಮಾಡಲಿ ಎಂದಳು. ಆ ಹೊತ್ತಿಗೆ ಸಾಹೇಬರು ಎದುರಿಗೇ ಕೂತಿದ್ದರು. ನನ್ನ ಕರಾರು ಮುಂದುವರಿಸುವ ಕಾಗದಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

“ಚೀಟ್ಯಾಗ ಬರದಾರಲ್ಲ, ಹೊಡಿಸಿಬಿಡ್ರಿ ಅತ್ತಿ” ಎಂದೆ.

ಹೊಡೆಸಿದಳು. ಅಂಗಡಿಯವನು ಕೊಟ್ಟ ಔಷಧಿಗೆ ನುಸಿ ಜಗ್ಗುವುದಿಲ್ಲ. ಸತ್ತದ್ದು ನುಸಿಯನ್ನು ತಿಂದು ಹದ್ದುಬಸ್ತಿನಲ್ಲಿಟ್ಟಿದ್ದ ಕರಿ ದುಂಬಿಗಳು, ಸಾಸಿವೆ ಕಾಳಿನಷ್ಟು ಸಣ್ಣವು. ಅಲ್ಲೊಂದು ಇಲ್ಲೊಂದು ಇದ್ದ ನುಸಿಗೆ ಇನ್ನು ಹೇಳುವವರು ಕೇಳುವವರು ಯಾರೂ ಇಲ್ಲ. ಮೂರು ವಾರದಲ್ಲಿ ಹೊಲ ಬುಡದಿಂದ ತೆನೆಯವರೆಗೆ ಕೆಂಪಾಯಿತು. ನಾನು ಚೀಲದ ಮೇಲೆ ಬರೆದಿದ್ದ ಸುಳ್ಳು ಖರೇ ಆಯಿತು.

ಸುದ್ದಿ ಕೇಳಿ ಭಾನುವಾರ ಬಸ್ಸು ಹಿಡಿದು ಹೋದೆ. ಕಣಿಕಿ ಬಣವೆಯೊಟ್ಟುವ ಜಾಗ ಬಯಲಾಗಿತ್ತು. ಔಷಧಿ ಕುಡಿದು ಒಣಗಿದ ದಂಟನ್ನು ಎಮ್ಮೆ ಮೂಸಿಯೂ ನೋಡಲಿಲ್ಲವಂತೆ. ಹಿಂದಿನ ದಿನವಷ್ಟೇ ಅತ್ತೆ ಅದನ್ನು ನಾದಿನಿಯ ಮನೆಗೆ ಹೊಡೆದು ಕಳಿಸಿದ್ದಳು. ಗೂಟಕ್ಕೆ ಹಗ್ಗ ಇನ್ನೂ ಹಾಗೇ ಇತ್ತು. ಬೈಯಲಿ, ಹೊಡೆಯಲಿ, ಅಷ್ಟಾದರೂ ಆಗಲಿ ಎಂದು ಅವಳ ಮುಂದೆ ಕೂತೆ.

“ತಪ್ಪು ನಂದ ಐತವಾ” ಎಂದಳು ಅತ್ತೆ. “ಚೀಟಿ ಬಂದ ಮ್ಯಾಲೆ ಎಂಟ ದಿನಾ ಸುಮ್ನ ಕುಂತೆ. ನಿನ್ನ ಕಣ್ಣಿಗೆ ಮೊದಲ ಕಂಡಿತ್ತು, ನನ್ನ ಕಣ್ಣಿಗೆ ಕಾಣಲಿಲ್ಲ.”

ಅವಳು ಒಲೆಯ ಮುಂದೆ ಕೂತು ಹಾಲಿನ ಪಾಕೀಟು ಕತ್ತರಿಸಿ ಪಾತ್ರೆಗೆ ಸುರಿಯುತ್ತಿದ್ದಳು.

“ನಂದೊಂದ ಸಿಟ್ಟ ಐತಿ ನೋಡು. ಹೊಲದ ತನಕಾ ಬಂದು ಎಲಿ ಹರಕೊಂಡ ಹೋದಾಕಿ, ಮನಿಗೆ ಬಂದು ಒಂದ ಕಪ್ ಚಾ ಕುಡದ ಹೋಗಬಾರದಿತ್ತೇನು?”

ನೀರು ನೀರಾದ ಆ ಚಹಾ ಪೂರ್ತಿ ಕುಡಿದೆ. ನಾನು ಹೊಲಕ್ಕೆ ಹೋಗಿಯೇ ಇರಲಿಲ್ಲ ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.