ಉಪ್ಪು ನೋಡಿದ ದಿನ

ಮೈಸೂರಿನ ನನ್ನ ತೌರುಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿರಲಿಲ್ಲ. ಮದ್ದೂರಿನ ಕಾಲೇಜಿನಲ್ಲಿ ನನ್ನ ಜೊತೆಗೇ ಪಾಠ ಹೇಳುತ್ತಿದ್ದವರನ್ನು ಮೆಚ್ಚಿ ಮದುವೆಯಾಗಿ, ಚಿಕ್ಕರಸಿನಕೆರೆ ಕಡೆಯ ಒಕ್ಕಲು ಮನೆಗೆ ಸೊಸೆಯಾಗಿ ಬಂದಾಗ ಊಟದ ವಿಷಯಕ್ಕೆ ಹೆದರಿದ್ದೆ. ಅತ್ತೆ ಮೊದಲ ವಾರದಲ್ಲೇ ಹಿತ್ತಿಲಲ್ಲಿ ಇನ್ನೊಂದು ಒಲೆ ಹೂಡಿಸಿದರು.

"ಬಾಡು ಇನ್ಮ್ಯಾಕೆ ಇಲ್ಲಿ ಬೇಯ್ತದೆ. ಒಳ್ಗಡೆ ಒಲೆ ನಿಂದು ಕಣವ್ವ" ಎಂದರು.

ಆಮೇಲೆ ಒಂದು ದಿನವೂ ನನಗೆ ಮಾಂಸ ತಿನ್ನು ಎಂದವರಲ್ಲ. ನೆಂಟರು ಯಾರಾದರೂ ರೇಗಿಸಿದರೆ, "ಅವ್ಳ್ ನಾಲ್ಗೆ ಅವ್ಳ್ದು, ನಿಂಗ್ಯಾಕ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಕೈಯ ಬಾಡಿನ ಸಾರಿಗೆ ಸುತ್ತಲೂ ಹೆಸರಿತ್ತು. ಯುಗಾದಿಯ ಮರುದಿನ ಊರಿಗೆ ಊರೇ ಬಾಡೂಟ ಮಾಡುವ ಹೊಸತೊಡಕಿಗೆ ಮಳವಳ್ಳಿಯಿಂದ ನಾದಿನಿಯ ಸಂಸಾರ, ಮಂಡ್ಯದಿಂದ ಮಾವನ ತಮ್ಮಂದಿರು ತಪ್ಪದೆ ಬರುತ್ತಿದ್ದರು. ನಾನು ಅನ್ನ, ತಿಳಿಸಾರು ಮಾಡಿಕೊಂಡು ಬಡಿಸಲು ನಿಲ್ಲುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಎಲ್ಲೆಡೆ ಹಬ್ಬಿದ್ದ ಆ ಜ್ವರ ಅತ್ತೆಯನ್ನೂ ಮುಟ್ಟಿಹೋಯಿತು. ಯುಗಾದಿ ಹೊತ್ತಿಗೆ ಎದ್ದು ಓಡಾಡುತ್ತಿದ್ದರು. ಹೊಸತೊಡಕಿನ ಬೆಳಗ್ಗೆ ಗಂಡಸರು ಊರವರು ಸೇರಿ ಹಂಚಿಕೊಂಡ ಪಾಲಿನ ಮಾಂಸ ತಂದುಕೊಟ್ಟು ಜಗಲಿಯ ಹರಟೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೊತ್ತಂಬರಿ ಸೊಪ್ಪು ಕೊಡಲು ಹಿತ್ತಿಲಿಗೆ ಹೋದರೆ, ಅತ್ತೆ ಕುದಿಯುವ ಪಾತ್ರೆಯ ಮುಂದೆ ಸೌಟು ಹಿಡಿದು ಸುಮ್ಮನೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ಹೊಗೆ ಇರಬೇಕೆಂದುಕೊಂಡೆ.

"ಉಪ್ಪು ಸಾಕಾ ಇಲ್ವಾ ಗೊತ್ತಾಯ್ತಿಲ್ಲ ಕಣವ್ವ" ಎಂದರು. "ಜರ ಬಂದಾಗ್ನಿಂದ ಮೂಗ್ಗೆ ವಾಸ್ನೆ ಇಲ್ಲ, ನಾಲ್ಗೆಗೆ ರುಚಿ ಇಲ್ಲ. ಏನ್ ತಿಂದ್ರೂ ಮಣ್ ತಿಂದಂಗೆ."

ಅಷ್ಟು ದಿನದಿಂದ ಅವರು ಮಾಡಿದ ಅಡುಗೆಯಲ್ಲಿ ಯಾರಿಗೂ ಒಂದು ಕೊರತೆ ಕಂಡಿರಲಿಲ್ಲ. ಈರುಳ್ಳಿಯ ಬಣ್ಣ, ಎಣ್ಣೆಯ ಸದ್ದು, ಸೌಟಿನಿಂದ ಇಳಿಯುವ ಸಾರಿನ ಎಳೆ ಇಷ್ಟನ್ನೇ ನಂಬಿ ಮನೆ ಮಂದಿಗೆಲ್ಲ ಬೇಯಿಸಿ ಹಾಕಿದ್ದರು. ಅವತ್ತು ಮಾತ್ರ, ಅಷ್ಟು ಜನದ ಅಡುಗೆಗೆ, ಧೈರ್ಯ ಸಾಲದೆ ಹೋಗಿತ್ತು.

"ಇವರನ್ನ ಕರೀಲಾ ಅತ್ತೆ?"

"ಬ್ಯಾಡ. ಅವನ್ ಬಾಯ್ಗೆ ಬಿದ್ರೆ ಊರ್ಗೇ ಗೊತ್ತಾಯ್ತದೆ. ಬಂದೋರು ಅಯ್ಯೋ ಪಾಪ ಅಂತ ಮರುಗ್ತಾ ಉಣ್ಬೇಕಾಯ್ತದೆ. ಅಬ್ಬದ್ ದಿಸ ಅದ್ಯಾಕೆ?"

"ಹಾಗಾದ್ರೆ ಕೊಡಿ, ನಾನು ನೋಡ್ತೀನಿ."

ಸೌಟನ್ನು ಹಿಂದಕ್ಕೆ ಎಳೆದುಕೊಂಡರು. "ಬುಡ್ತು ಅನ್ನು. ನಿನ್ನ ಈ ಒಲೆ ಮುಂದ್ಕೆ ಯಾವತ್ತಾರ ಕರ್ದಿದ್ದೀನಾ?"

"ನೀವು ಕರೀಲಿಲ್ಲ. ನಾನೇ ಬಂದಿದ್ದೀನಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಸೌಟಿನಿಂದ ಸಾರು ತೆಗೆದು, ಊದಿ ಊದಿ ಆರಿಸಿ ನನ್ನ ಅಂಗೈಗೆ ಬಿಟ್ಟರು. ನೆಕ್ಕಿದೆ. ಮೊದಲು ಗೊತ್ತಾಗಿದ್ದು ನನಗೂ ಪರಿಚಯದ ಚೆಕ್ಕೆ, ಲವಂಗ, ಮೆಣಸು. ಅದರ ಹಿಂದೆಯೇ ಯಾವ ತರಕಾರಿಯಲ್ಲೂ ಕಂಡಿರದ ಒಂದು ದಪ್ಪ ರುಚಿ ನಾಲಿಗೆಯ ಮೇಲೆ ಕೂತುಕೊಂಡಿತು.

"ಸರಿಯಾಗಿದೆ ಅಂತ ಹೇಗೆ ಹೇಳ್ಲಿ? ಇದು ಹೇಗಿರಬೇಕು ಅಂತಲೇ ನಂಗೊತ್ತಿಲ್ಲ" ಎಂದೆ.

ಅತ್ತೆಗೆ ನಗು ಬಂತು. "ನಾ ಕೇಳ್ತೀನಿ, ನೀ ಯೋಳು. ಕಾರ ನಾಲ್ಗೇಲದೋ, ಗಂಟ್ಲಲ್ಲದೋ?"

"ಗಂಟಲಲ್ಲಿ."

"ಆಮ್ಯಾಕೆ ಬಾಯಿ ಸಪ್ಪೆ ಅನ್ನುಸ್ತದಾ?"

"ಸ್ವಲ್ಪ."

ಒಂದು ಚಿಟಿಕೆ ಉಪ್ಪು ಬಿತ್ತು. ತಿರುವಿ, ಮತ್ತೆ ನೆಕ್ಕಿಸಿ, ಮತ್ತೆ ಕೇಳಿದರು. ಸಾರು ಒಪ್ಪಿಗೆಯಾದ ಮೇಲೆ ಸೌಟಿನಲ್ಲಿ ಒಂದು ತುಂಡು ಎತ್ತಿ, ಮತ್ತೆ ಪಾತ್ರೆಗೇ ಬಿಟ್ಟರು. ಇನ್ನೂ ಏನೋ ಉಳಿದಿದೆ ಎಂದು ನನಗೆ ತಿಳಿಯಿತು.

"ತುಂಡಿಗೆ ಉಪ್ಪು ಇಡ್ದದಾ ಅಂತ ಕಡ್ದೇ ನೋಡ್ಬೇಕು. ಅದ್ ಬ್ಯಾಡ ಬುಡು, ಆಗದ್ ಆಗ್ಲಿ" ಎಂದರು.

ನಾನೇ ಒಂದು ಸಣ್ಣ ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ. ನುಂಗಲಾರೆನೇನೋ ಎಂಬ ಭಯವಿತ್ತು. ಅದು ಎಳೆಎಳೆಯಾಗಿ ಬಿಟ್ಟುಕೊಂಡು, ಅಗಿಯುವುದಕ್ಕೂ ಮುಂಚೆ ಕರಗಿದಂತಾಯಿತು. ಉಪ್ಪು ಒಳಗಿನವರೆಗೂ ಹಿಡಿದಿತ್ತು. ಹಾಗೆಂದೆ. ಅತ್ತೆ ಸೆರಗಿನಿಂದ ನನ್ನ ಬಾಯಿ ಒರೆಸಿ, ಕುಡಿಯಲು ನೀರು ಕೊಟ್ಟು, ಏನೂ ಆಗಿಲ್ಲವೆಂಬಂತೆ ಒಲೆಯ ಸೌದೆ ಹಿಂದಕ್ಕೆ ಎಳೆದರು.

ಮಧ್ಯಾಹ್ನ ಸಾಲಾಗಿ ಕೂತವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಮಾವನ ತಮ್ಮ, "ಅತ್ಗೆ, ಈ ಸಲ ವಸಿ ಜಾಸ್ತಿನೇ ಸಂದಾಗದೆ" ಎಂದರು. ಅತ್ತೆ ಇನ್ನೊಂದು ಸೌಟು ಬಿಟ್ಟು, "ಉಣ್ಣಪ್ಪ" ಎಂದರಷ್ಟೇ.

ಎಲ್ಲರೂ ಎದ್ದ ಮೇಲೆ ನಾವಿಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಊಟಕ್ಕೆ ಕೂತೆವು. ನನ್ನ ತಟ್ಟೆಗೆ ಅವರು ತಿಳಿಸಾರು ಬಡಿಸಿದರು. ನಾನು ಅವರ ಪಾತ್ರೆಯಿಂದ ಎರಡು ತುಂಡು ಹಾಕಿಕೊಂಡೆ. ಅತ್ತೆ ಬೇಡವೆನ್ನಲಿಲ್ಲ. ತಾವು ಒಂದು ತುತ್ತು ಮುದ್ದೆ ಸಾರಿಗೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಕೇಳಿದರು: "ಎಂಗದೆ ಯೋಳು ಮಗ."

ನಾನು ಹೇಳುತ್ತಾ ಹೋದೆ, ಅವರು ಉಣ್ಣುತ್ತಾ ಹೋದರು.