ಮುಚೇಮಿ ಮೇಷ್ಟರ ಮೂರು ಓಟು

ಮುಚೇಮಿ ಮೇಷ್ಟರಿಗೆ ಮೂರು ಓಟು ಇದ್ದವು. ನನಗೆ ಎರಡು. ನಮ್ಮ ನ್ಯೇರಿ ಸೀಮೆಯಲ್ಲಿ ಹೆಚ್ಚಿನವರಿಗೆ ಒಂದೂ ಇರಲಿಲ್ಲ.

ನೈರೋಬಿಯ ಶಾಸನ ಸಭೆಗೆ ಆಫ್ರಿಕನ್ನರೇ ಎಂಟು ಜನ ಆಫ್ರಿಕನ್ನರನ್ನು ಆರಿಸಿ ಕಳಿಸಬಹುದು ಎಂದು ಬಿಳಿಯರ ಸರ್ಕಾರ ಮೊದಲ ಸಲ ಒಪ್ಪಿದ ಕಾಲ ಅದು, ೧೯೫೭. ಓದಿಗೊಂದು, ನೌಕರಿಯ ವರ್ಷಗಳಿಗೊಂದು, ವಯಸ್ಸಿಗೊಂದು ಎಂದು ಒಬ್ಬೊಬ್ಬರಿಗೆ ಮೂರರ ತನಕ ಓಟು ಕೊಡುತ್ತಿದ್ದರು. ಗಿಕುಯು ಜನರಾದ ನಮಗೆ ಮಾತ್ರ ಇನ್ನೊಂದು ಷರತ್ತಿತ್ತು. ಕಾಡು ಸೇರಿ ಸರ್ಕಾರದ ವಿರುದ್ಧ ಹೋರಾಡಿದವರೊಂದಿಗೆ ನಮಗೆ ನಂಟಿಲ್ಲ ಎಂಬ ನಿಷ್ಠಾಪತ್ರ ತರಬೇಕಿತ್ತು.

ಮುಚೇಮಿ ಮತ್ತು ನಾನು ಒಂದೇ ಮಿಷನ್ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದವರು. ಅವನದು ಇದ್ದಿಲ ಇಸ್ತ್ರಿ ಹಾಕಿದ ಖಾಕಿ ಚಡ್ಡಿ, ಮೊಣಕಾಲಿನವರೆಗೆ ಎಳೆದ ಕಾಲುಚೀಲ, ಗಟ್ಟಿ ದನಿ. ಆ ವರ್ಷ ಭೂಗೋಳದ ಪಾಠವನ್ನೂ ನಿಲ್ಲಿಸಿ ಕಪ್ಪು ಹಲಗೆಯ ಮೇಲೆ ಶಾಸನ ಸಭೆಯ ಚಿತ್ರ ಬರೆಯುತ್ತಿದ್ದ. ಇದು ಸಭಾಪತಿಯ ಕುರ್ಚಿ, ಇದು ಸರ್ಕಾರದ ಸಾಲು, ಇಲ್ಲಿ ನಮ್ಮವರು.

"ನಮ್ಮವನೊಬ್ಬ ಅಲ್ಲಿ ಎದ್ದು ನಿಂತು 'ಯಾಕೆ' ಅಂತ ಕೇಳಿದ್ರೆ ಸಾಕು ಕಣ್ರೋ, ಸರ್ಕಾರ ಎದ್ದು ನಿಂತು ಉತ್ತರ ಹೇಳ್ಲೇಬೇಕು!" ಎನ್ನುತ್ತಿದ್ದ. ಅದನ್ನು ಅವನು ಮನಸಾರೆ ನಂಬಿದ್ದ. ಅವನ ಪರವಾಗಿ ನಾನು ಹೇಳಬಹುದಾದದ್ದು ಇಷ್ಟು.

ಅವನಿಗೊಬ್ಬ ಅಕ್ಕ, ಗತೋನಿ. ಅವ್ವ ಸತ್ತಾಗ ಮುಚೇಮಿಗೆ ಐದು ವರ್ಷ, ಅವಳಿಗೆ ಹದಿಮೂರು. ಕಂಡವರ ಹೊಲ ಅಗೆದು ಅವನನ್ನು ಓದಿಸಿದಳು. ಮಿಷನ್ ಶಾಲೆಗೆ ಎರಡು ಬೆಟ್ಟ ದಾಟಿ ಬೆನ್ನ ಮೇಲೆ ಸಿಹಿಗೆಣಸು ಹೊತ್ತು ತರುತ್ತಿದ್ದಳು. ಗಲಭೆಯ ವರ್ಷಗಳಲ್ಲಿ ಅದೇ ಬೆನ್ನ ಮೇಲೆ ಕಾಡಿನವರಿಗೆ ಊಟ ಹೊತ್ತಳು, ಸಿಕ್ಕಿಬಿದ್ದಳು, ಎರಡು ವರ್ಷ ಸೆರೆಶಿಬಿರದಲ್ಲಿದ್ದು ಬಂದಳು. ಆಮೇಲೆ ಸರ್ಕಾರ ಬೇಲಿ ಹಾಕಿ ನಮ್ಮನ್ನೆಲ್ಲ ಕೂಡಿಟ್ಟ ಊರಿನ ಕೆಳಗಿನ ಸಾಲಿನಲ್ಲಿ ಒಂದು ಗುಡಿಸಲು, ವಾರಕ್ಕೆ ಮೂರು ದಿನ ಸರ್ಕಾರದ ಬಿಟ್ಟಿ ಕೆಲಸ.

ನಿಷ್ಠಾಪತ್ರದ ವಿಚಾರಣೆ ಮುಖಂಡನ ಕಚೇರಿಯ ಮುಂದಿನ ಮರದಡಿ ನಡೆಯಿತು. ಮೇಜಿನ ಹಿಂದೆ ಒಬ್ಬ ಎಳೆಯ ಬಿಳಿಯ ಅಧಿಕಾರಿ, ಪಕ್ಕದಲ್ಲಿ ನಮ್ಮ ಸರ್ಕಾರಿ ಮುಖಂಡ ಕಿರಾಗು. ಸರತಿಯಲ್ಲಿ ಮುಚೇಮಿಯ ಹಿಂದೆಯೇ ನಾನು. ಹತ್ತು ಮಾರು ಆಚೆ ಹೆಂಗಸರು ಬಿಟ್ಟಿಯಲ್ಲಿ ರಸ್ತೆಯ ಚರಂಡಿ ಅಗೆಯುತ್ತಿದ್ದರು. ಗತೋನಿಯೂ ಅವರಲ್ಲಿದ್ದಳು.

"ನಿನ್ನ ಮನೆಯವರು ಯಾರಾದ್ರೂ ಶಿಬಿರದಲ್ಲಿದ್ರಾ?" ಎಂದು ಅಧಿಕಾರಿ ಸ್ವಾಹಿಲಿಯಲ್ಲಿ ಕೇಳಿದ.

"ಇಲ್ಲ ದೊರೆ."

ಕಿರಾಗುವಿಗೆ ಎಲ್ಲವೂ ಗೊತ್ತಿತ್ತು. ಅವನು ಹಲ್ಲು ಬಿಟ್ಟ. "ಗಕುರುವಿನ ಮಗಳು ಗತೋನಿ ಅಂತ ಒಬ್ಬಳಿದಾಳಲ್ಲ ಮೇಷ್ಟ್ರೇ? ನೀವೂ ಗಕುರುವಿನ ಮಗನೇ ಅಲ್ವಾ?"

"ಆ ಗಕುರು ಬೇರೆ. ಕುಲ ಒಂದೇ, ಅಷ್ಟೇ."

"ಓಹೋ, ಎರಡು ಗಕುರು! ಇಷ್ಟು ವರ್ಷ ನನಗೆ ಒಬ್ಬನೇ ಕಂಡಿದ್ದ." ಕಿರಾಗು ಚರಂಡಿಯ ಕಡೆ ತಿರುಗಿ ಕೂಗಿದ. "ಏ ಗತೋನಿ, ಬಾ ಇಲ್ಲಿ! ಈ ಮೇಷ್ಟ್ರು ನಿನ್ನ ತಮ್ಮ ತಾನೇ?"

ಅವಳು ಸನಿಕೆ ಹಿಡಿದುಕೊಂಡೇ ಬಂದಳು. ಮೊಣಕಾಲಿನವರೆಗೆ ಕೆಂಪು ಕೆಸರು. ಮುಚೇಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ತನ್ನ ಬೂಟು ನೋಡುತ್ತಿದ್ದ.

"ಅಲ್ಲ," ಅಂದಳು. "ಇಂಥ ದೊಡ್ಡ ಮನುಷ್ಯರಿಗೆ ನನ್ನಂಥ ಅಕ್ಕ ಎಲ್ಲಿಂದ ಬರ್ತಾಳೆ?"

ಕಿರಾಗು ನಕ್ಕ. ಅಧಿಕಾರಿ ಮೊಹರು ಒತ್ತಿದ. ಅವಳು ಚರಂಡಿಗೆ ಇಳಿದಳು.

ಮಾರ್ಚ್‌ನಲ್ಲಿ ಮುಚೇಮಿ ಕೋಟು ಹಾಕಿಕೊಂಡು ಹೋಗಿ ಮೂರೂ ಓಟು ಹಾಕಿ ಬಂದ. ಆಮೇಲೆ ಹಲಗೆಯ ಮೇಲೆ ಸಭೆಯ ಚಿತ್ರವನ್ನೂ ಬರೆಯಲಿಲ್ಲ. ಮಕ್ಕಳು ಕೇಳಿದರೆ, "ಪುಸ್ತಕ ತೆಗೀರಿ," ಎನ್ನುತ್ತಿದ್ದ.

ಕೆಲವು ತಿಂಗಳಾದ ಮೇಲೆ ಒಂದು ಸ್ವಾಹಿಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಹೊಸ ಸದಸ್ಯನೊಬ್ಬ ಸಭೆಯಲ್ಲಿ ಎದ್ದು ಸೆರೆಶಿಬಿರಗಳ ಬಗ್ಗೆ ಪ್ರಶ್ನೆ ಕೇಳಿದ್ದ. ಮುಚೇಮಿ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, "ನೀನೂ ಬಾ. ಒಬ್ಬನೇ ಹೋಗೋಕಾಗಲ್ಲ," ಅಂದ.

ಭಾನುವಾರ, ಚರ್ಚು ಬಿಟ್ಟ ಹೊತ್ತು. ಗತೋನಿ ಗುಡಿಸಲ ಮುಂದೆ ಕಾಳು ಸುಲಿಯುತ್ತಿದ್ದಳು. ಅಕ್ಕಪಕ್ಕದಲ್ಲಿ ಶಿಬಿರದಿಂದ ಬಂದ ಮೂರು ನಾಲ್ಕು ಹೆಂಗಸರು.

"ಅಕ್ಕಾ," ಅಂದ.

ಅವಳು ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಬನ್ನಿ ಮೇಷ್ಟ್ರೇ. ನೀವೊಬ್ಬರೇ ಮೂರು ಜನ ಆಗಿದ್ದೀರಂತೆ. ಆ ಮೂವರಲ್ಲಿ ನನ್ನ ತಮ್ಮ ಇದಾನಾ ಅಂತ ನೋಡ್ತಿದ್ದೆ. ಕಾಣಿಸ್ತಿಲ್ಲ."

ಹೆಂಗಸರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮುಚೇಮಿ ಕಾಗದದ ಮಡಿಕೆ ಬಿಡಿಸಿದ. "ಸಭೆಯಲ್ಲಿ ನಿಮ್ಮ ವಿಷಯ ಬಂದಿದೆ. ಓದ್ಲಾ?" ಅಂದ.

"ನಿಮ್ಮಿಷ್ಟ. ಓದಿಸಿದ್ದು ಅದಕ್ಕೇ ತಾನೇ."

ಅವನು ನಿಂತೇ ಒಂದೊಂದು ಸಾಲನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳಿದ. ಸರ್ಕಾರ ಕೊಟ್ಟ ಉತ್ತರದಲ್ಲಿ ಹುರುಳಿರಲಿಲ್ಲ. ಆದರೂ ಒಬ್ಬ ಮುದುಕಿ, "ಇನ್ನೊಂದ್ಸಲ ಹೇಳಪ್ಪಾ. ಆ ಶಿಬಿರದ ಹೆಸರು ನಿಜವಾಗ್ಲೂ ಅಲ್ಲಿ ಹೇಳಿದ್ರಾ?" ಎಂದು ಕೇಳಿದಳು. ಅವನು ಮತ್ತೆ ಹೇಳಿದ. ಗತೋನಿ ಬೆನ್ನು ತಿರುಗಿಸಿ ಕಾಳು ಸುಲಿಯುತ್ತಲೇ ಇದ್ದಳು. ಆದರೆ ಕೈ ನಿಧಾನವಾಗಿತ್ತು.

ಅಂದಿನಿಂದ ಸಭೆಯ ಸುದ್ದಿ ಬಂದ ವಾರವೆಲ್ಲ ಅವನು ಕೆಳಗಿನ ಸಾಲಿಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಕೂತು ಓದಿ ಹೇಳುತ್ತಿದ್ದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಒಮ್ಮೆ ಮಳೆ ಬಂದಾಗ ಸೂರಿನ ಕೆಳಗೆ ನಿಲ್ಲಿಸಿ ಒಂದು ಸೋರೆಬುರುಡೆ ಗಂಜಿ ಕೊಟ್ಟಳು, "ತಗೊಳ್ಳಿ ಮೇಷ್ಟ್ರೇ," ಎಂದು. ಮೊದಲು ಅವನನ್ನು 'ನೀನು' ಎನ್ನುತ್ತಿದ್ದಳು, 'ಲೋ' ಎನ್ನುತ್ತಿದ್ದಳು. ೧೯೬೨ರಲ್ಲಿ ಎದೆಬೇನೆಯಿಂದ ಸಾಯುವವರೆಗೂ ಆ ಬಹುವಚನ ಬಿಡಲಿಲ್ಲ.

ಅವಳನ್ನು ಮಣ್ಣು ಮಾಡಿ ಬರುವಾಗ ಮುಚೇಮಿ ದಾರಿಯಲ್ಲಿ ನಿಂತ.

"ಸುಳ್ಳು ಹೇಳಿದ್ದಕ್ಕೆ ಏನೋ ಒಂದು ನೆಪ ಹುಡುಕ್ಕೊಂಡಿದ್ದೀನಿ. ನಮ್ಮವರು ಸಭೆಗೆ ಹೋಗ್ಲಿ ಅಂತ ಹೇಳಿದೆ ಅಂತ. ಆದರೆ ಅವಳು 'ಅಲ್ಲ' ಅಂದಳಲ್ಲ, ಆಗ ನನಗೆ ಮೊದಲು ಏನಾಯ್ತು ಗೊತ್ತಾ? ಸಂತೋಷ ಆಯ್ತು. ಸದ್ಯ, ಬದುಕಿದೆ ಅನ್ನಿಸ್ತು. ಅದಕ್ಕೆ ಮಾತ್ರ ನೆಪ ಸಿಗ್ತಿಲ್ಲ."

ಆ ದಿನ ಸರತಿಯಲ್ಲಿ ಅವನ ಬೆನ್ನ ಹಿಂದೆ ನಿಂತು, ಕಿರಾಗು ಸಾಕ್ಷಿಗೆಂದು ನನ್ನನ್ನು ಕೇಳಲಿಲ್ಲವಲ್ಲ ಎಂದು ನಾನೂ ಉಸಿರು ಬಿಟ್ಟಿದ್ದೆ. ಅದನ್ನು ಅವನಿಗೆ ಹೇಳಿದೆ. ಅವನು ತಲೆ ಆಡಿಸಿ, "ನಿನ್ನ ಉಸಿರು ಆಗಲೇ ಕೇಳಿಸಿತ್ತು," ಅಂದ.